ಪಟ್ಟು ಮೈಗೂಡುವ ಪರಿ

ನೇಸರಗಿ, ಬೈಲಹೊಂಗಲದ ಸೀಮೆಯಲ್ಲಿ ಜಾತ್ರೆ ಎಂದಮೇಲೆ ಕುಸ್ತಿ ಇರಬೇಕು. ಗರಡಿಮನೆಗೆ ಹೊಸದಾಗಿ ಕಾಲಿಟ್ಟ ಹುಡುಗ ‘ಧೋಬಿ ಪಛಾಡ’ ಕಲಿಯುವುದನ್ನು ಒಮ್ಮೆ ನೋಡಬೇಕು. ಎದುರಾಳಿಯ ತೋಳು ಹಿಡಿದು, ಗಕ್ಕನೆ ತಿರುಗಿ, ಸೊಂಟ ತಗ್ಗಿಸಿ, ಅಗಸ ಬಟ್ಟೆ ಒಗೆಯುವಂತೆ ಹೆಗಲ ಮೇಲಿಂದ ಎತ್ತಿ ಹಾಕುವ ಪಟ್ಟು ಅದು. ಹುಡುಗ ತೋಳು ನೆನಪಿಟ್ಟರೆ ಕಾಲು ಮರೆಯುತ್ತಾನೆ. ಕಾಲು ಸರಿಹೋಯಿತು ಎನ್ನುವಷ್ಟರಲ್ಲಿ ತಾನೇ ಮಣ್ಣು ಮುಕ್ಕಿರುತ್ತಾನೆ.

ಇದು ದಡ್ಡತನವಲ್ಲ, ಕಲಿಕೆಯ ಮೊದಲ ಮೆಟ್ಟಿಲು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ ಅವರ ಗ್ರಂಥ 1967ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಇಂಥ ಮೂರು ಹಂತಗಳನ್ನು ಗುರುತಿಸಿದರು. ಮೊದಲನೆಯದರಲ್ಲಿ ಎಲ್ಲವನ್ನೂ ಯೋಚಿಸಿಯೇ ಮಾಡಬೇಕು. ಎರಡನೆಯದರಲ್ಲಿ ತಪ್ಪು ಕಡಿಮೆಯಾಗುತ್ತದೆ. ವಸ್ತಾದರು ಬೈಯುವ ಮೊದಲೇ ಎಡವಿದ್ದೆಲ್ಲಿ ಎಂದು ಹುಡುಗನಿಗೆ ಗೊತ್ತಾಗುತ್ತದೆ. ಮೂರನೆಯದರಲ್ಲಿ ಪಟ್ಟು ತಾನಾಗಿ ಬೀಳುತ್ತದೆ, ಕಣ್ಣು ಎದುರಾಳಿಯ ಹೂಟವನ್ನು ಗಮನಿಸಲು ಬಿಡುವಾಗುತ್ತದೆ.

ಒಳಗಿನ ಕೆಲಸ ಮೆದುಳಿನದು. ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು, ಮಾಡಬೇಕೆಂದಿದ್ದ ಚಲನೆಯನ್ನೂ ಆದ ಚಲನೆಯನ್ನೂ ಹೋಲಿಸಿ, ಮುಂದಿನ ಯತ್ನವನ್ನು ತಿದ್ದುತ್ತದೆ. ಮತ್ತೆ ಮತ್ತೆ ಮಾಡಿದಂತೆ ನರಕೋಶಗಳ ನಡುವಿನ ಬೆಸುಗೆ ಗಟ್ಟಿಯಾಗುತ್ತದೆ. ಈ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ. ಆದ್ದರಿಂದ ಪಂದ್ಯದ ಹಿಂದಿನ ರಾತ್ರಿ ಮಗನನ್ನು ಎಚ್ಚರವಿಟ್ಟು ತಾಲೀಮು ಮಾಡಿಸುವ ತಂದೆ ಉಪಕಾರವನ್ನೇನೂ ಮಾಡುತ್ತಿಲ್ಲ.

ನಿಜವಾದ ಗಂಡಾಂತರ ಬರುವುದು ನಡುವೆ. 1897ರಲ್ಲಿ ಬ್ರಯಾನ್ ಮತ್ತು ಹಾರ್ಟರ್ ಎಂಬಿಬ್ಬರು ಅಮೆರಿಕದಲ್ಲಿ ತಂತಿ ಸಂದೇಶ ಕಲಿಯುವವರ ವೇಗವನ್ನು ವಾರವಾರವೂ ಅಳೆದರು. ಸಂದೇಶವನ್ನು ಕೇಳಿ ತಿಳಿಯುವ ವೇಗ ಕೆಲವು ಕಾಲ ಏರಿ, ಆಮೇಲೆ ವಾರಗಟ್ಟಲೆ ಇದ್ದಲ್ಲೇ ನಿಂತು, ಮತ್ತೆ ಏರಿತು. ನಮ್ಮ ಮಕ್ಕಳಿಗೂ ಇಂಥ ದಿನಗಳು ಬರುತ್ತವೆ. ‘ಇದು ಇವನ ಕಡಿಂದ ಆಗೂದಿಲ್ಲ ಬಿಡ್ರಿ’ ಎಂದು ಹಿರಿಯರು ಆಟ ಬಿಡಿಸುವುದು ಸಾಮಾನ್ಯವಾಗಿ ಆಗಲೇ.

ಪ್ರಕಾಶ ಪಡುಕೋಣೆ 1962ರಲ್ಲಿ ಏಳರ ಬಾಲಕ. ರಾಜ್ಯ ಜೂನಿಯರ್ ಬ್ಯಾಡ್ಮಿಂಟನ್‌ನ ಮೊದಲ ಸುತ್ತಿನಲ್ಲೇ ಸೋತ. ಆಟ ನಿಲ್ಲಲಿಲ್ಲ. ಬೆಂಗಳೂರಿನ ಕೆನರಾ ಯೂನಿಯನ್ ಸಭಾಂಗಣದಲ್ಲಿ, ಮದುವೆಗಳಿಲ್ಲದ ದಿನ ನೋಡಿಕೊಂಡು, ಅಭ್ಯಾಸ ಮುಂದುವರಿಯಿತು. ಎರಡು ವರ್ಷದಲ್ಲಿ ಅದೇ ಪ್ರಶಸ್ತಿ ಕೈಸೇರಿತು. 1980ರಲ್ಲಿ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್ ಅವರನ್ನು ಮಣಿಸಿ ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯರಾದರು.

ಇನ್ನೊಂದು ಮಾತು. ಪಳಗಿದ ಪೈಲ್ವಾನನಿಗೂ ಪಂದ್ಯದ ನಡುವೆ ‘ಸೊಂಟ ತಗ್ಗಸೋ, ಕಾಲು ನೋಡೋ’ ಎಂದು ಹೊರಗಿನಿಂದ ಕೂಗಬಾರದು. ತಾನಾಗಿ ಬೀಳುತ್ತಿದ್ದ ಪಟ್ಟನ್ನು ಅವನು ಯೋಚಿಸಿ ಹಾಕಲು ಹೋಗಿ, ಮೊದಲ ದಿನದ ಹುಡುಗನಂತೆಯೇ ಎಡವುತ್ತಾನೆ.