ಹತ್ತು ಸಾವಿರ ಚೌಕಗಳಲ್ಲಿ ಒಂದು ಮುಖ

ಅಂಚೆಚೀಟಿಯೊಂದನ್ನು ಅಂಗೈಯಲ್ಲಿರಿಸಿಕೊಂಡು ನೋಡಿರಿ. ಹೆಬ್ಬೆರಳಿನ ಅಗಲವುಳ್ಳ ಆ ಕಾಗದದ ಮೇಲೆ ಗಾಂಧೀಜಿಯವರ ಮುಖವಿದ್ದರೆ ನಾವು ಅದನ್ನು ಕ್ಷಣಮಾತ್ರದಲ್ಲಿ ಗುರುತಿಸುತ್ತೇವೆ. ಆದರೆ ಮದುವೆಯ ಚಪ್ಪರದಲ್ಲಿ ತೆಗೆದ ನೂರು ಜನರ ಛಾಯಾಚಿತ್ರವನ್ನು ಅದೇ ಅಳತೆಗೆ ಕುಗ್ಗಿಸಿದರೆ ಅದರಲ್ಲಿ ವಧೂವರರನ್ನು ಕೂಡ ಪತ್ತೆಮಾಡುವುದು ಕಷ್ಟ. ಅಳತೆ ಒಂದೇ ಆಗಿರುವಾಗ ಈ ವ್ಯತ್ಯಾಸಕ್ಕೆ ಕಾರಣವೇನು? ಅಂಚೆಚೀಟಿಯ ಚಿತ್ರಕಾರನು ಆ ಅಳತೆಯಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿರುತ್ತಾನೆ. ಕುಗ್ಗಿಸಿದ ಛಾಯಾಚಿತ್ರದಲ್ಲಿ ಈ ನಿಶ್ಚಯವನ್ನು ಯಾರೂ ಮಾಡಿಲ್ಲ.

ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ತಮಗೆ ಅರಿವಿಲ್ಲದೆಯೇ ಈ ಚಿತ್ರಕಾರನ ಕೆಲಸವನ್ನು ಮಾಡುತ್ತಿರುವರು. ಅಂತರಜಾಲದಲ್ಲಿ ನಮ್ಮ ಹೆಸರಿನ ಪಕ್ಕದಲ್ಲಿ ಕಾಣುವ ಪುಟ್ಟ ಚಿತ್ರಕ್ಕೆ ‘ಅವತಾರ್’ ಎಂದು ಹೆಸರು. ಪದವು ನಮಗೆ ಹೊಸದಲ್ಲ; ‘ಕೆಳಗಿಳಿದು ಬರುವುದು’ ಎಂಬ ಅರ್ಥದ ಸಂಸ್ಕೃತ ಶಬ್ದವೇ 1980ರ ದಶಕದಲ್ಲಿ ಅಮೆರಿಕದ ಕಂಪ್ಯೂಟರ್ ಆಟಗಳ ಮೂಲಕ ಈ ಹೊಸ ಅರ್ಥದತ್ತ ಸಾಗಿತು. 1999ರಲ್ಲಿ ಪ್ರಾರಂಭವಾದ ಲೈವ್‌ಜರ್ನಲ್ ಎಂಬ ದಿನಚರಿ ತಾಣವು ಈ ಚಿತ್ರಕ್ಕೆ ಉದ್ದದಲ್ಲಿ 100, ಅಗಲದಲ್ಲಿ 100 ಚೌಕಗಳ ಮಿತಿಯನ್ನೂ, ಅದರ ಕಡತಕ್ಕೆ 40 ಕಿಲೋಬೈಟ್‌ಗಳ ಮಿತಿಯನ್ನೂ ಹಾಕಿತ್ತು. ಆ ಇಕ್ಕಟ್ಟಿನಲ್ಲಿಯೇ ಫೋಟೋಶಾಪ್ ಮುಂತಾದ ತಂತ್ರಾಂಶಗಳಿಂದ ಅಲಂಕಾರದ ಪುಟ್ಟ ಚಿತ್ರಗಳನ್ನು ರಚಿಸುವುದು 2000ದ ದಶಕದಲ್ಲಿ ಅಲ್ಲಿನ ತರುಣ ತರುಣಿಯರಿಗೆ ಒಂದು ಕೈಕಸಬೇ ಆಯಿತು. ಈ ಕಸಬಿನ ಹಿಂದಿರುವ ಲೆಕ್ಕಾಚಾರವನ್ನು ಇಲ್ಲಿ ನೋಡೋಣ.

ಎಣಿಸಿ ಹಾಕಿದ ಚಿತ್ರ

ಕಂಪ್ಯೂಟರಿನ ಛಾಯಾಚಿತ್ರವೆಂದರೆ ಸಣ್ಣ ಸಣ್ಣ ಚೌಕಗಳ ಒಂದು ಜಾಲ. ಒಂದೊಂದು ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಒಂದು ಪಿಕ್ಸೆಲಿಗೆ ಒಂದೇ ಬಣ್ಣ. ಧಾರವಾಡದ ಕಡೆಯ ಕಸೂತಿಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ಕಸೂತಿ ಹಾಕುವವರು ನೇಯ್ಗೆಯ ಎಳೆಗಳನ್ನು ಎಣಿಸಿ ಹೊಲಿಗೆ ಹಾಕುತ್ತಾರೆ. ತೇರಾಗಲಿ, ನವಿಲಾಗಲಿ, ಆ ಎಣಿಕೆಯಿಂದಲೇ ಮೂಡಬೇಕು. ಪಿಕ್ಸೆಲುಗಳ ಚಿತ್ರವೂ ಅಂತಹುದೇ. ಚೌಕಗಳ ಸಂಖ್ಯೆ ಎಷ್ಟಿದೆಯೋ ಅಷ್ಟರಲ್ಲಿಯೇ ಎಲ್ಲವನ್ನೂ ಹೇಳಿ ಮುಗಿಸಬೇಕು.

ಇಂಥ ಚಿತ್ರಗಳ ಚರಿತ್ರೆಯು ಒಂದು ಮಗುವಿನ ಮುಖದಿಂದ ಪ್ರಾರಂಭವಾಗುವುದು. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕಿರ್ಶ್ ಎಂಬುವರು ತಮ್ಮ ಮೂರು ತಿಂಗಳ ಮಗನ ಛಾಯಾಚಿತ್ರವನ್ನು ಒಂದು ಯಂತ್ರದಿಂದ ಓದಿಸಿ ಕಂಪ್ಯೂಟರಿಗೆ ಉಣಿಸಿದರು. ಆ ಚಿತ್ರದಲ್ಲಿದ್ದುದು ಉದ್ದಕ್ಕೂ ಅಗಲಕ್ಕೂ 176 ಪಿಕ್ಸೆಲ್, ಒಟ್ಟು 30,976. ಇಂದಿನ ‘ಅವತಾರ್’ ಚಿತ್ರಕ್ಕಿಂತ ಅದು ಬಹಳ ದೊಡ್ಡದಾಗಿರಲಿಲ್ಲ. ಆದರೂ ಮಗುವಿನ ಕಣ್ಣು, ಮೂಗು, ತುಟಿಗಳು ಅದರಲ್ಲಿ ಕಾಣುತ್ತಿದ್ದುವು. 1984ರ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಸೂಸನ್ ಕೇರ್ ಎಂಬ ಕಲಾವಿದೆ ರಚಿಸಿದ ಚಿಹ್ನೆಗಳಿಗಾದರೋ ಉದ್ದಗಲಕ್ಕೆ 32 ಚೌಕಗಳಷ್ಟೇ ಇದ್ದುವು. ಅವೂ ಕಪ್ಪು ಇಲ್ಲವೆ ಬಿಳುಪು. ಅವರು ಚೌಕುಳಿಯ ಕಾಗದದ ಮೇಲೆ ಒಂದೊಂದೇ ಚೌಕವನ್ನು ತುಂಬಿ ಆ ಚಿಹ್ನೆಗಳನ್ನು ಯೋಚಿಸಿದರು. ಚೌಕಗಳು ಕಡಿಮೆಯಾದಷ್ಟೂ ಒಂದೊಂದು ಚೌಕದ ಬೆಲೆ ಹೆಚ್ಚುವುದು.

ಕುಗ್ಗಿಸುವುದೆಂದರೆ ಕಳೆಯುವುದು

ಈಗ ಒಂದು ಲೆಕ್ಕವನ್ನು ಮಾಡೋಣ. ಮೊಬೈಲ್ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರದಲ್ಲಿ 4000 × 3000, ಎಂದರೆ 1 ಕೋಟಿ 20 ಲಕ್ಷ ಪಿಕ್ಸೆಲುಗಳಿವೆಯೆಂದು ತಿಳಿಯೋಣ. ಅದನ್ನು ಚೌಕವಾಗಿ ಕತ್ತರಿಸಿದರೆ 3000 × 3000, ಎಂದರೆ 90 ಲಕ್ಷ ಉಳಿಯುವುವು. ಇದನ್ನು 100 × 100ಕ್ಕೆ ಇಳಿಸಿದರೆ ದೊರೆಯುವುದು ಕೇವಲ 10,000. ಹೊಸ ಚಿತ್ರದ ಒಂದೊಂದು ಪಿಕ್ಸೆಲೂ ಹಳೆಯ 900 ಪಿಕ್ಸೆಲುಗಳ ಪ್ರತಿನಿಧಿಯಾಗಿ ನಿಲ್ಲಬೇಕಾಯಿತು.

ಪ್ರತಿನಿಧಿಯನ್ನು ಆರಿಸುವುದು ಹೇಗೆ? 900ರಲ್ಲಿ ಯಾವುದೋ ಒಂದನ್ನು ಆರಿಸಿ ಉಳಿದವನ್ನು ಬಿಟ್ಟುಬಿಡುವುದು ಒಂದು ಮಾರ್ಗ. ಇದು ಶೀಘ್ರವಾದರೂ ಅಪಾಯಕರ. ಸಿನಿಮಾದಲ್ಲಿ ಮುಂದೆ ಓಡುವ ಜಟಕಾಬಂಡಿಯ ಚಕ್ರವು ಹಿಂದಕ್ಕೆ ತಿರುಗುವಂತೆ ಕಾಣುವುದನ್ನು ಎಲ್ಲರೂ ನೋಡಿರುತ್ತಾರೆ. ಕ್ಯಾಮರಾ ಚಕ್ರವನ್ನು ಬಿಟ್ಟು ಬಿಟ್ಟು ನೋಡಿದುದೇ ಅದಕ್ಕೆ ಕಾರಣ. ಅದೇ ರೀತಿ, ಸಣ್ಣ ಗೆರೆಗಳ ಅಂಗಿಯ ಚಿತ್ರವನ್ನು ಬಿಟ್ಟು ಬಿಟ್ಟು ಆರಿಸಿದರೆ ಅಂಗಿಯಲ್ಲಿ ಇಲ್ಲದ ದಪ್ಪ ಪಟ್ಟೆಗಳು ಹೊಸ ಚಿತ್ರದಲ್ಲಿ ಕಾಣಿಸಿಕೊಳ್ಳುವುವು. ಒಂದು ಕಪ್ಪು ಗೆರೆಗೂ ಒಂದು ಬಿಳಿ ಗೆರೆಗೂ ಕನಿಷ್ಠಪಕ್ಷ ಒಂದೊಂದು ಚೌಕವಾದರೂ ಬೇಕಷ್ಟೆ. ಆದುದರಿಂದ 100 ಚೌಕಗಳ ಸಾಲಿನಲ್ಲಿ 50 ಜೊತೆ ಗೆರೆಗಳಿಗಿಂತ ಹೆಚ್ಚನ್ನು ತೋರಿಸುವುದು ಸಾಧ್ಯವೇ ಇಲ್ಲ.

ಎರಡನೆಯ ಮಾರ್ಗವೆಂದರೆ ಸುತ್ತಲಿನ ಪಿಕ್ಸೆಲುಗಳ ಸರಾಸರಿಯನ್ನು ತೆಗೆಯುವುದು. ಆಗ ಸುಳ್ಳು ಪಟ್ಟೆಗಳು ಮೂಡುವುದಿಲ್ಲ. ತೋರಿಸಲಾಗದ ಗೆರೆಗಳು ಬೂದುಬಣ್ಣದಲ್ಲಿ ಅಡಗಿಹೋಗುತ್ತವೆ. ಒಳ್ಳೆಯ ತಂತ್ರಾಂಶಗಳು ಈ ಸರಾಸರಿಯನ್ನು ಸೂಕ್ಷ್ಮವಾದ ತೂಕಗಳೊಡನೆ ಲೆಕ್ಕಹಾಕುತ್ತವೆ. ಆದರೆ ಒಂದು ಮಾತನ್ನು ಮರೆಯಬಾರದು: ಹತ್ತು ಸಂಖ್ಯೆಗಳ ಸರಾಸರಿಯನ್ನು ಮಾತ್ರ ತಿಳಿಸಿದರೆ ಆ ಹತ್ತು ಸಂಖ್ಯೆಗಳು ಯಾವುವೆಂದು ಯಾವ ಗಣಿತಜ್ಞನೂ ಹೇಳಲಾರನು.

ಮೊದಲು ಕತ್ತರಿ

ಆದುದರಿಂದ ಕುಗ್ಗಿಸುವ ಮೊದಲು ಕತ್ತರಿಸುವುದು ಜಾಣತನ. ಮೇಲಿನ 3000 ಪಿಕ್ಸೆಲಿನ ಚೌಕದಲ್ಲಿ ಮುಖವು 600 ಪಿಕ್ಸೆಲಿನಷ್ಟು ಸ್ಥಳವನ್ನು ಆಕ್ರಮಿಸಿದ್ದರೆ, ಇಡೀ ಚಿತ್ರವನ್ನು ಕುಗ್ಗಿಸಿದಾಗ ಮುಖದ ಪಾಲಿಗೆ ಬರುವುದು 20 × 20, ಎಂದರೆ 400 ಪಿಕ್ಸೆಲ್. ಉಳಿದ 9,600 ಪಿಕ್ಸೆಲುಗಳು ಗೋಡೆಗೂ ಆಕಾಶಕ್ಕೂ ವೆಚ್ಚವಾದುವು. ಮುಖವನ್ನಷ್ಟೇ ಕತ್ತರಿಸಿಕೊಂಡು ಕುಗ್ಗಿಸಿದರೆ ಹತ್ತು ಸಾವಿರವೂ ಮುಖಕ್ಕೇ ದಕ್ಕುವುವು.

ಮುಖವನ್ನು ಗುರುತಿಸಲು ಎಷ್ಟು ಚೌಕಗಳು ಸಾಕು? 1973ರಲ್ಲಿ ಬೆಲ್ ಪ್ರಯೋಗಾಲಯದ ಲಿಯಾನ್ ಹಾರ್ಮನ್ ಮತ್ತು ಬೇಲಾ ಯೂಲೆಸ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಅಬ್ರಹಾಂ ಲಿಂಕನ್ನರ ಮುಖದ ಚಿತ್ರದಲ್ಲಿ ಇದ್ದುದು ಸುಮಾರು 250 ಚೌಕಗಳು ಮಾತ್ರ. ಹತ್ತಿರದಿಂದ ನೋಡಿದರೆ ಅದು ಬಚ್ಚಲಿಗೆ ಹಾಸಿದ ಬಿಲ್ಲೆಗಳಂತೆ ಕಾಣುವುದು. ದೂರಕ್ಕೆ ಸರಿದು, ಕಣ್ಣನ್ನು ಕಿರಿದು ಮಾಡಿ ನೋಡಿದರೆ ಲಿಂಕನ್ನರ ಮುಖವು ಮೂಡುವುದು. ಚೌಕಗಳ ಹರಿತವಾದ ಅಂಚುಗಳು ಮೂಲದಲ್ಲಿಲ್ಲದ ಸುಳ್ಳು ವಿವರಗಳು. ಅವು ಮಸುಕಾದ ಕೂಡಲೆ ಕಣ್ಣಿನ ಗುಳಿ, ಗಡ್ಡದ ನೆರಳು, ಹಣೆಯ ಬೆಳಕು ಇವುಗಳ ದೊಡ್ಡ ಹಂಚಿಕೆ ಎದ್ದು ಕಾಣುವುದು. ನಮ್ಮ ಗುರುತು ನಿಂತಿರುವುದು ಬಹುಮಟ್ಟಿಗೆ ಈ ಬೆಳಕು ನೆರಳುಗಳ ಹಂಚಿಕೆಯ ಮೇಲೆ.

ಅಂಚು ಮತ್ತು ಬಣ್ಣ

ಸರಾಸರಿ ತೆಗೆದ ಚಿತ್ರವು ಸ್ವಲ್ಪ ಮಂಕಾಗುವುದು ಸಹಜ. ಕುಗ್ಗಿಸಿದ ಮೇಲೆ ಅಂಚುಗಳನ್ನು ಹರಿತಗೊಳಿಸಬೇಕು. ಇದರ ಉಪಾಯವು ಬಹು ಸ್ವಾರಸ್ಯವಾದುದು. ಹಳೆಯ ಕಾಲದ ಫೋಟೋ ಕತ್ತಲೆಕೋಣೆಯಿಂದ ಬಂದುದು. ಒಂದು ಸಾಲಿನಲ್ಲಿ 100, 100, 140, 140 ಎಂಬ ಬೆಳಕಿನ ಅಂಕಿಗಳಿವೆಯೆನ್ನೋಣ. ಒಂದೊಂದಕ್ಕೂ ಅದರ ಎರಡು ಮಗ್ಗುಲುಗಳನ್ನು ಸೇರಿಸಿ ಸರಾಸರಿ ಮಾಡಿದರೆ 100, 113, 127, 140 ಎಂಬ ಮಸುಕಾದ ಪ್ರತಿ ದೊರೆಯುವುದು. ಮೂಲದಿಂದ ಮಸುಕನ್ನು ಕಳೆದರೆ ಉಳಿಯುವುದು 0, −13, +13, 0. ಇದನ್ನು ಮೂಲಕ್ಕೆ ಕೂಡಿಸಿರಿ: 100, 87, 153, 140. ಅಂಚಿನ ಕಪ್ಪು ಬದಿ ಇನ್ನೂ ಕಪ್ಪಾಗಿ, ಬೆಳಕಿನ ಬದಿ ಇನ್ನೂ ಬೆಳಕಾಯಿತು. ನಮ್ಮ ಕಣ್ಣು ಕೂಡ ಅಂಚುಗಳನ್ನು ಹೀಗೆಯೇ ಹೆಚ್ಚಿಸಿ ಕಾಣುತ್ತದೆಂದು ಅರ್ನ್‌ಸ್ಟ್ ಮಾಖ್ 1865ರಲ್ಲಿಯೇ ತೋರಿಸಿದ್ದನು. ಆದರೆ ಅತಿಯಾದರೆ ಮುಖದ ಸುತ್ತ ಬಿಳಿಯ ಕಟ್ಟು ಏಳುವುದು.

ಇನ್ನು ಅಲಂಕಾರದ ವಿಷಯ. ಒಂದೊಂದು ಪಿಕ್ಸೆಲಿನಲ್ಲಿಯೂ ಕೆಂಪು, ಹಸಿರು, ನೀಲಿ ಇವುಗಳ ಪ್ರಮಾಣವನ್ನು 0ಯಿಂದ 255ರವರೆಗಿನ ಸಂಖ್ಯೆಗಳಿಂದ ಸೂಚಿಸುವರು. 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪಿಗೆ 1994ರಲ್ಲಿ ಪದರಗಳ ಸೌಕರ್ಯವು ಸೇರಿತು. ಛಾಯಾಚಿತ್ರದ ಮೇಲೆ ಹೂವಿನ ನಮೂನೆಯ ಅಥವಾ ಬರಿಯ ಬಣ್ಣದ ಪದರವೊಂದನ್ನು ಹಾಸಿ, ಎರಡೂ ಹೇಗೆ ಬೆರೆಯಬೇಕೆಂದು ನಾವು ಹೇಳಬಹುದು. ‘ಮಲ್ಟಿಪ್ಲೈ’ ಎಂಬ ಕ್ರಮದಲ್ಲಿ ಎರಡು ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸುವರು: 200 ಮತ್ತು 100 ಬೆರೆತು 78 ಆಗುವುದು. ಎರಡು ಬಣ್ಣದ ಗಾಜುಗಳನ್ನು ಒಂದರ ಮೇಲೊಂದಿಟ್ಟಂತೆ ಚಿತ್ರವು ಕಪ್ಪಾಗುವುದು. ‘ಸ್ಕ್ರೀನ್’ ಎಂಬ ಕ್ರಮದಲ್ಲಿ ಕತ್ತಲೆಯ ಭಾಗಗಳನ್ನು ಗುಣಿಸುವುದರಿಂದ ಅದೇ 200 ಮತ್ತು 100 ಸೇರಿ 222 ಆಗುವುದು. ಇದು ಒಂದೇ ಗೋಡೆಯ ಮೇಲೆ ಎರಡು ದೀಪಗಳನ್ನು ಬೀರಿದಂತೆ. ಮಾಂತ್ರಿಕವಾಗಿ ತೋರುವ ಬಣ್ಣಗಾರಿಕೆಯೆಲ್ಲವೂ ಇಂಥ ಸಣ್ಣ ಲೆಕ್ಕಗಳೇ. ಇದೇ ಸೌಕರ್ಯವುಳ್ಳ ಗಿಂಪ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುವುದು.

ಚಿತ್ರದ ಮೇಲೆ ಹೆಸರನ್ನು ಬರೆಯಬಯಸುವ ಕನ್ನಡಿಗನಿಗೆ ಒಂದು ಹೆಚ್ಚಿನ ತೊಡಕುಂಟು. ರೋಮನ್ ಅಕ್ಷರವನ್ನು 5 × 7 ಚುಕ್ಕೆಗಳಲ್ಲಿ ಹೇಗೋ ಮೂಡಿಸಬಹುದು. ನಮ್ಮ ಅಕ್ಷರಕ್ಕೆ ತಲೆಕಟ್ಟು ಮೇಲೆ, ಒತ್ತು ಕೆಳಗೆ, ನಡುವೆ ದುಂಡು ತಿರುವುಗಳು. ಚೌಕಗಳು ಸಾಲದಿದ್ದರೆ ‘ಪ’ಕಾರಕ್ಕೂ ‘ಷ’ಕಾರಕ್ಕೂ ಭೇದವೇ ಅಳಿದುಹೋಗುವುದು. ಪೂರ್ಣ ಹೆಸರಿಗೆ ಬದಲಾಗಿ ಒಂದೇ ಅಕ್ಷರವನ್ನು ದೊಡ್ಡದಾಗಿ ಬರೆಯುವುದು ಮೇಲು.

ಮೂಲವನ್ನು ಉಳಿಸಿರಿ

ಹತ್ತು ಸಾವಿರ ಪಿಕ್ಸೆಲಿಗೆ ಮೂರು ಮೂರು ಬೈಟ್‌ನಂತೆ 30,000 ಬೈಟ್‌ಗಳಾದುವು. ಹಿಂಡದೆಯೇ ಒಂದು ಚಿತ್ರವು 40 ಕಿಲೋಬೈಟ್‌ನೊಳಗೆ ಹಿಡಿಯುವುದು. ಚಲಿಸುವ ಚಿತ್ರವಾದರೆ ಸ್ಥಳ ಸಾಲದು. ಅದಕ್ಕೆ 256 ಬಣ್ಣಗಳಲ್ಲಿಯೇ ತೃಪ್ತಿಪಡುವ ಜಿಫ್ ಎಂಬ ಕಡತದ ಬಗೆ ಬೇಕು. ಜೆಪೆಗ್ ಎಂಬ ಬಗೆಯು ಚಿತ್ರವನ್ನು 8 × 8ರ ತುಂಡುಗಳಾಗಿ ಒಡೆದು ಒಂದೊಂದರಲ್ಲಿಯೂ ಸೂಕ್ಷ್ಮ ವಿವರಗಳನ್ನು ತೊರೆಯುವುದು. ಮತ್ತೆ ಮತ್ತೆ ತಿದ್ದಿ ಉಳಿಸಿದಂತೆ ಹಾನಿ ಬೆಳೆಯುವುದು. ಪಿಎನ್‌ಜಿ ಎಂಬ ಬಗೆಯಲ್ಲಿ ಈ ನಷ್ಟವಿಲ್ಲ.

ಇದಕ್ಕಿಂತ ದೊಡ್ಡ ನಷ್ಟವೊಂದು ನಮ್ಮ ಕೈಯಿಂದಲೇ ಆಗಿದೆ. ಮನೆಯ ಹಿರಿಯರೊಬ್ಬರ ಛಾಯಾಚಿತ್ರವನ್ನು 100 ಪಿಕ್ಸೆಲಿಗೆ ಇಳಿಸಿ, ಅಂದವಾಗಿ ಬಣ್ಣ ಕೂಡಿಸಿ, ಅದೇ ಹೆಸರಿನ ಕಡತದಲ್ಲಿ ಉಳಿಸಿದೆವು. ಅವರು ತೀರಿಕೊಂಡ ಮೇಲೆ ಗೋಡೆಯ ಚೌಕಟ್ಟಿಗಾಗಿ ಆ ಚಿತ್ರವನ್ನು ಹುಡುಕಿದಾಗ ದೊಡ್ಡ ಪ್ರತಿಯು ಎಲ್ಲಿಯೂ ಇರಲಿಲ್ಲ. ಅಂಗುಲಕ್ಕೆ 300 ಪಿಕ್ಸೆಲಿನಂತೆ ಮುದ್ರಿಸಿದರೆ 100 ಪಿಕ್ಸೆಲಿಗೆ ದೊರೆಯುವುದು ಮೂರರಲ್ಲಿ ಒಂದು ಅಂಗುಲ. ಈಗಿನ ಕೃತಕ ಬುದ್ಧಿಯ ತಂತ್ರಾಂಶಗಳು ಅಂಥ ಚಿತ್ರವನ್ನು ಹಿಗ್ಗಿಸಿ ಕೊಡಬಲ್ಲುವು, ನಿಜ. ಆದರೆ ಅವು ಬೇರೆ ಸಾವಿರಾರು ಮುಖಗಳಿಂದ ಕಲಿತುದನ್ನು ಆಧರಿಸಿ ವಿವರಗಳನ್ನು ಊಹಿಸಿ ತುಂಬುತ್ತವೆ. ಮೂಡುವ ಸುಕ್ಕುಗಳು ಯಾವನೋ ಒಬ್ಬ ವೃದ್ಧನವು, ನಮ್ಮ ಹಿರಿಯರವಲ್ಲ.

ಆದುದರಿಂದ ಮೊದಲು ಮೂಲದ ಒಂದು ಪ್ರತಿಯನ್ನು ಬೇರೆ ಹೆಸರಿನಿಂದ ಮಾಡಿಕೊಂಡು ಅದರ ಮೇಲೆಯೇ ಕೆಲಸ ನಡೆಸಿರಿ. ಇತರರ ಚಿತ್ರವಾದರೆ ಅವರ ಒಪ್ಪಿಗೆಯನ್ನು ಪಡೆಯಿರಿ. ಅನಂತರ ಒಂದೇ ಛಾಯಾಚಿತ್ರದಿಂದ ಎರಡು ಪುಟ್ಟ ಚಿತ್ರಗಳನ್ನು ತಯಾರಿಸಿರಿ: ಒಂದು ಇಡಿಯಾಗಿ ಕುಗ್ಗಿಸಿದುದು, ಇನ್ನೊಂದು ಕತ್ತರಿಸಿ, ಕುಗ್ಗಿಸಿ, ಹರಿತಗೊಳಿಸಿದುದು. ಎರಡನ್ನೂ ಮಗ್ಗುಲಲ್ಲಿಟ್ಟು ಹತ್ತು ಅಡಿ ಹಿಂದಕ್ಕೆ ಸರಿದು ನೋಡಿರಿ. ಯಾವುದರಲ್ಲಿ ಮುಖವು ಉಳಿದಿದೆಯೆಂಬುದನ್ನು ನಿಮ್ಮ ಕಣ್ಣೇ ಹೇಳುವುದು.