ಅತಿಥಿಯ ತಟ್ಟೆಗೆ ಏನು ಬಡಿಸೋಣ?

ಹೋದ ವರ್ಷ ಪೀಣ್ಯದಲ್ಲಿರುವ ನನ್ನ ಅಳಿಯನ ಸಣ್ಣ ಕಾರ್ಖಾನೆಗೆ ವ್ಯಾಪಾರದ ಮಾತುಕತೆಗೆಂದು ಇಬ್ಬರು ಅತಿಥಿಗಳು ಬಂದರು. ಒಬ್ಬರು ಮಲೇಷ್ಯಾದವರು, ಇನ್ನೊಬ್ಬರು ಇಸ್ರೇಲಿನವರು. "ಮಾವ, ಊಟದ ಏರ್ಪಾಡು ನೀವೇ ನೋಡಿಕೊಳ್ಳಿ" ಎಂದರು ಅಳಿಯ. ಒಬ್ಬರಿಗೆ ಹಲಾಲ್ ಊಟ, ಇನ್ನೊಬ್ಬರಿಗೆ ಕೋಷರ್ ಊಟ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಕೂದಲು ಹಣ್ಣಾದ ನಾನು ಸುಲಭದ ಲೆಕ್ಕ ಹಾಕಿದೆ: ಇಬ್ಬರನ್ನೂ ಶುದ್ಧ ಸಸ್ಯಾಹಾರಿ ಹೋಟೆಲಿಗೆ ಕರೆದೊಯ್ದರೆ ಆಯಿತಲ್ಲ!

ಮಲೇಷ್ಯಾದವರು ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡರು. ಇಸ್ರೇಲಿನವರು ಬಾಟಲಿ ನೀರು ಕುಡಿಯುತ್ತ ನಗುನಗುತ್ತಾ ಕುಳಿತಿದ್ದರು. ಹಸಿವಿಲ್ಲವೇನೋ ಎಂದುಕೊಂಡೆ. ಅವರು ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂದು ತಿಳಿದದ್ದು ಸಂಜೆ.

"ತಾತ, ಅಲ್ಲಿ ಮಾಂಸವೇ ಇರಲಿಲ್ಲವಲ್ಲ, ಮತ್ತೇಕೆ ತಿನ್ನಲಿಲ್ಲ?" ಎಂದಳು ಏಳನೆಯ ತರಗತಿಯ ಮೊಮ್ಮಗಳು. ನನಗೂ ಗೊತ್ತಿರಲಿಲ್ಲ. ಇಬ್ಬರೂ ಕೂತು ತಿಳಿದುಕೊಂಡೆವು.

ಹಲಾಲ್ ಎಂದರೆ ಅರಬ್ಬಿಯಲ್ಲಿ 'ಅನುಮತಿ ಇರುವುದು'. ಹಂದಿಮಾಂಸ, ಮದ್ಯ ಕೂಡದು. ದೇವರ ಹೆಸರು ಹೇಳಿ ಕೊಯ್ದು, ರಕ್ತ ಹರಿದುಹೋದ ಪ್ರಾಣಿಯ ಮಾಂಸವನ್ನಷ್ಟೇ ತಿನ್ನುತ್ತಾರೆ. ಬೆಂಗಳೂರಿನಲ್ಲಿ ಇದಕ್ಕೆ ಕಷ್ಟವಿಲ್ಲ. ಶಿವಾಜಿನಗರ, ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ ಅಂಥ ಹೋಟೆಲುಗಳು ಸಾಲಾಗಿವೆ.

ಕೋಷರ್ ಯಹೂದಿಗಳ ಆಹಾರ ನಿಯಮ. ಸೀಳುಗೊರಸಿದ್ದು ಮೆಲುಕು ಹಾಕುವ ಪ್ರಾಣಿಯಾಗಬೇಕು. ರೆಕ್ಕೆಯೂ ಹುರುಪೆಯೂ ಇರುವ ಮೀನಾಗಬೇಕು; ಸಿಗಡಿ, ಏಡಿ ಆಗದು. ಮಾಂಸ ಮತ್ತು ಹಾಲನ್ನು ಬೆರೆಸುವಂತಿಲ್ಲ, ಎರಡಕ್ಕೂ ಪಾತ್ರೆಗಳೇ ಬೇರೆ. ಸೊಪ್ಪಿನಲ್ಲಿ ಸಣ್ಣ ಹುಳು ಸಿಕ್ಕಿದರೂ ತಿನ್ನುವಂತಿಲ್ಲ. ಕಟ್ಟುನಿಟ್ಟಾಗಿ ಪಾಲಿಸುವವರಿಗೆ ಅಡುಗೆಮನೆಯ ಮೇಲೂ ತಿಳಿದವರ ಕಣ್ಣಿರಬೇಕು. ಹಾಗಾಗಿ ನಮ್ಮ ಸಸ್ಯಾಹಾರಿ ಹೋಟೆಲಿನ ಬಾಣಲೆಯೂ ಅವರಿಗೆ ಒಗ್ಗಲಿಲ್ಲ.

"ಮುತ್ತಜ್ಜಿಯ ಮಡಿಯ ಹಾಗೇ ಇದೆ!" ಎಂದಳು ಮೊಮ್ಮಗಳು. ನನಗೆ ಚುರುಕ್ಕೆಂದಿತು.

1978ರಲ್ಲಿ ಅಮ್ಮನನ್ನು ಮುಂಬಯಿಗೆ ಕರೆದುಕೊಂಡು ಹೋಗಿದ್ದೆ. ಎರಡು ದಿನ ಅವಳು ಹೋಟೆಲಿನ ಒಂದು ತುತ್ತೂ ಮುಟ್ಟದೆ, ಮನೆಯಿಂದ ತಂದ ಅವಲಕ್ಕಿ, ಬಾಳೆಹಣ್ಣಿನಲ್ಲೇ ಇದ್ದಳು. "ಇಲ್ಲೂ ನಿನ್ನ ಮಡಿಯೇ?" ಎಂದು ಎಲ್ಲರೆದುರು ಗದರಿದ್ದೆ. ಅಮ್ಮ ಮಾತಾಡಲಿಲ್ಲ. ಅವಳೂ ಹೀಗೇ ನಕ್ಕು ಸುಮ್ಮನಾಗಿದ್ದಳು.

ಮರುದಿನ ಬೆಳಗ್ಗೆ ನಾನೇ ಅತಿಥಿಯ ಬಳಿ ಹೋಗಿ ಕ್ಷಮೆ ಕೇಳಿ, "ನಿಮಗೆ ಏನು ಆಗುತ್ತದೆ?" ಎಂದು ವಿಚಾರಿಸಿದೆ. ಅವರ ಮುಖ ಅರಳಿತು. ಹೆಚ್ಚದ ಇಡೀ ಹಣ್ಣು, ಮೊಹರು ಒಡೆಯದ ಕೋಷರ್ ಪೊಟ್ಟಣ ಸಾಕೆಂದರು. ಬಾಳೆಹಣ್ಣು, ಮೋಸಂಬಿ ತಂದೆವು. ಎದುರಿಗೇ ಕೆತ್ತಿದ ಎಳನೀರನ್ನು ಸಂತೋಷದಿಂದ ಕುಡಿದರು. ಮೊಮ್ಮಗಳು ದಿನಸಿ ಅಂಗಡಿಯಲ್ಲಿ ಹುಡುಕಿ, ವೃತ್ತದೊಳಗೆ ಇಂಗ್ಲಿಷಿನ 'ಯು' ಅಕ್ಷರವಿದ್ದ ವಿದೇಶಿ ಬಿಸ್ಕತ್ತು ತಂದಳು. ಅದು ಕೋಷರ್ ಗುರುತುಗಳಲ್ಲೊಂದು. ಅವರು ಗುರುತು ನೋಡಿಯೇ ಪೊಟ್ಟಣ ಒಡೆದರು. ರಾತ್ರಿಯ ಊಟಕ್ಕೆ ಊರಿನ ಯಹೂದಿ ಕೇಂದ್ರವೊಂದನ್ನು ಅವರೇ ವಿಚಾರಿಸಿಕೊಂಡರು.

ಮನೆಯಲ್ಲಿ ಅಂಥ ಅತಿಥಿಗಳನ್ನು ಎದುರು ನೋಡುತ್ತಿರುವ ಅಜ್ಜ-ಅಜ್ಜಿಯರಿಗೆ ಒಂದೆರಡು ಮಾತು. ಬರುವ ಮೊದಲೇ ಕೇಳಿ. ಕೋಷರ್ ಊಟ ಒಂದು ಗಂಟೆಯಲ್ಲಿ ಸಿಗುವುದಿಲ್ಲ. ರಂಜಾನ್ ತಿಂಗಳಾದರೆ ಮಧ್ಯಾಹ್ನದ ಊಟ ಬೇಡ, ಸೂರ್ಯಾಸ್ತದ ಹೊತ್ತಿಗೆ ಖರ್ಜೂರ, ನೀರು ಸಿದ್ಧವಿರಲಿ. ಶುಕ್ರವಾರ ಮಧ್ಯಾಹ್ನ ಮುಸ್ಲಿಮರಿಗೆ ನಮಾಜು. ಅಂದು ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಯಹೂದಿಗಳಿಗೆ ವಿರಾಮದ ದಿನ. ಒಂದೇ ಧರ್ಮದವರೆಲ್ಲ ಒಂದೇ ರೀತಿ ಪಾಲಿಸುವುದೂ ಇಲ್ಲ, ಆದ್ದರಿಂದ ನಾವೇ ಊಹಿಸಿಕೊಳ್ಳಬಾರದು.

ಮಕ್ಕಳೇ, ನಿಮ್ಮ ಗೆಳೆಯರು ಮನೆಗೆ ಬಂದಾಗಲೂ "ನೀನು ಏನು ತಿನ್ನುತ್ತೀಯ?" ಎಂದು ಮೊದಲು ಕೇಳಿ. ಮುಂಬಯಿಯಲ್ಲಿ ನಾನು ಅಮ್ಮನಿಗೆ ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ.