ಲುಡೊವಿಕಾ ಸಾರ್ವಜನಿಕ ಸೇವಾ ವಿಶ್ವವಿದ್ಯಾಲಯ
ಲುಡೊವಿಕಾ ಸಾರ್ವಜನಿಕ ಸೇವಾ ವಿಶ್ವವಿದ್ಯಾಲಯವು ಹಂಗೇರಿ ದೇಶದ ರಾಜಧಾನಿ ಬುಡಾಪೆಸ್ಟ್‌ನಲ್ಲಿದೆ. ಸೇನೆ, ಪೊಲೀಸ್ ಹಾಗೂ ನಾಗರಿಕ ಆಡಳಿತದ ಅಧಿಕಾರಿಗಳನ್ನು ಇದು ತರಬೇತುಗೊಳಿಸುತ್ತದೆ.

ಇತಿಹಾಸ

ವಿಶ್ವವಿದ್ಯಾಲಯವು ಸ್ಥಾಪನೆಯಾದದ್ದು 2012ರ ಜನವರಿ 1ರಂದು. ಆದರೆ ಅದರ ಹೆಸರಿನ ಹಿಂದೆ ಎರಡು ಶತಮಾನಗಳ ಚರಿತ್ರೆಯಿದೆ. ಹಂಗೇರಿಯು ಹ್ಯಾಬ್ಸ್‌ಬರ್ಗ್ ಅರಸರ ಆಳ್ವಿಕೆಯಲ್ಲಿದ್ದಾಗ, 1808ರಲ್ಲಿ ಅಲ್ಲಿನ ಶಾಸನಸಭೆಯು ಸ್ವಂತ ಸೈನಿಕ ವಿದ್ಯಾಲಯವೊಂದನ್ನು ತೆರೆಯಲು ನಿರ್ಣಯಿಸಿತು. ಅದಕ್ಕೆ 50,000 ಫೋರಿಂಟ್‌ಗಳನ್ನು ದಾನವಿತ್ತ ರಾಣಿ ಮಾರಿಯಾ ಲುಡೊವಿಕಾಳ ಹೆಸರನ್ನೇ ಇಡಲಾಯಿತು. ವಾಸ್ತುಶಿಲ್ಪಿ ಮಿಹಾಯ್ ಪೊಲಾಕ್ ವಿನ್ಯಾಸಗೊಳಿಸಿದ ಕಟ್ಟಡವು 1836ರಲ್ಲಿ ಪೂರ್ಣಗೊಂಡರೂ ಬೋಧನೆ ಆರಂಭವಾಗಲಿಲ್ಲ. ಬೋಧನಾ ಮಾಧ್ಯಮವು ಜರ್ಮನ್ ಆಗಿರಬೇಕೆಂದು ವಿಯೆನ್ನಾದ ಆಸ್ಥಾನವೂ, ಹಂಗೇರಿಯನ್ ಆಗಿರಬೇಕೆಂದು ಶಾಸನಸಭೆಯೂ ಪಟ್ಟುಹಿಡಿದದ್ದು ಇದಕ್ಕೆ ಮುಖ್ಯ ಕಾರಣ. 1848–49ರ ಕ್ರಾಂತಿಯ ಅಲ್ಪಾವಧಿಯ ಪ್ರಯತ್ನವನ್ನು ಬಿಟ್ಟರೆ, ಪಾಠಗಳು ನಿಯತವಾಗಿ ಮೊದಲಾದದ್ದು 1867ರ ಆಸ್ಟ್ರಿಯಾ-ಹಂಗೇರಿ ಒಪ್ಪಂದದ ಬಳಿಕ, 1872ರಲ್ಲಿ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಆ ವಿದ್ಯಾಲಯವು ಮುಚ್ಚಿಹೋಯಿತು.

ಏಕೀಕರಣ

ಮಿಕ್ಲೋಶ್ ಜ್ರೀನಿ ರಾಷ್ಟ್ರೀಯ ರಕ್ಷಣಾ ವಿಶ್ವವಿದ್ಯಾಲಯ, ಪೊಲೀಸ್ ಕಾಲೇಜು ಹಾಗೂ ಕೋರ್ವಿನಸ್ ವಿಶ್ವವಿದ್ಯಾಲಯದ ಸಾರ್ವಜನಿಕ ಆಡಳಿತ ನಿಕಾಯ ಇವು ಮೂರೂ ಒಂದುಗೂಡಿ ಇಂದಿನ ವಿಶ್ವವಿದ್ಯಾಲಯವಾಯಿತು. 2017ರಲ್ಲಿ ಬಾಯಾ ನಗರದ ಜಲವಿಜ್ಞಾನ ನಿಕಾಯವೂ ಸೇರಿತು. ಸೈನಿಕರಿಗೆಂದು ಕಟ್ಟಿದ ಹಳೆಯ ಲುಡೊವಿಕಾ ಭವನವು, ಜೀರ್ಣೋದ್ಧಾರದ ನಂತರ, ಈಗ ಎಲ್ಲ ಬಗೆಯ ಸರ್ಕಾರಿ ಸೇವೆಗಳ ವಿದ್ಯಾರ್ಥಿಗಳಿಗೂ ಕೇಂದ್ರವಾಗಿದೆ.